ಅರಿಶಿನ ಹಚ್ಚಿದ ತಂತಿ

ದೇವರು ಒಬ್ಬೊಬ್ಬರಿಗೆ ಒಂದೊಂದು ದನಿ ಕೊಟ್ಟು ಕಳಿಸುತ್ತಾನೆ. ನನ್ನ ಸರದಿ ಬಂದಾಗ ಅವನಿಗೆ ಏನು ಗಡಿಬಿಡಿ ಇತ್ತೋ, ಊರಿನವರೆಲ್ಲರ ದನಿಯನ್ನೂ ನನ್ನ ಗಂಟಲಲ್ಲಿ ತುರುಕಿ, ನನ್ನದೇ ಆದ ಒಂದನ್ನು ಹಾಕುವುದನ್ನು ಮರೆತುಬಿಟ್ಟ. ನಮ್ಮ ಶಹಾಪುರದ ಕಚೇರಿಯಲ್ಲಿ ನನ್ನದು ಕಾಗದಗಳ ನಕಲು ತೆಗೆಯುವ ಕೆಲಸ. ಉರ್ದು ಅಕ್ಷರಗಳನ್ನು ಬಲದಿಂದ ಎಡಕ್ಕೆ ನಕಲು ಮಾಡಿ ಮಾಡಿ ಬೇಸರವಾದಾಗ, ಗಾದಿಯ ಮೇಲೆ ಕುಳಿತ ಪೇಶಕಾರರಿಂದ ಹಿಡಿದು ಬಾಗಿಲಲ್ಲಿ ತೂಕಡಿಸುವ ಜವಾನನವರೆಗೆ ಮನುಷ್ಯರ ನಕಲು ತೆಗೆಯುತ್ತೇನೆ. ಮೊದಲನೆಯದಕ್ಕೆ ಸರಕಾರ ಪಗಾರ ಕೊಡುತ್ತದೆ, ಎರಡನೆಯದಕ್ಕೆ ಪೇಶಕಾರರು ಬೈಗುಳ ಕೊಡುತ್ತಾರೆ. ಮನುಷ್ಯರಷ್ಟೇ ಅಲ್ಲ, ಎಣ್ಣೆ ಕಾಣದ ಬಾಗಿಲು, ಹಗ್ಗ ಕಡಿದ ಎಮ್ಮೆ, ಏರಿನಲ್ಲಿ ಏದುಸಿರು ಬಿಡುವ ಇದ್ದಿಲು ಗ್ಯಾಸಿನ ಬಸ್ಸು, ಯಾವುದನ್ನೂ ನಾನು ಬಿಟ್ಟವನಲ್ಲ. ನಮ್ಮ ಅಜ್ಜಿಯನ್ನು ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತೇವೆ. ಆಯಿ ಹೇಳುವ ಪ್ರಕಾರ, "ಇವ ಹುಟ್ಟಿದಾಗ ಅತ್ತದ್ದೂ ತನ್ನ ದನ್ಯಾಗ ಅಲ್ಲ, ಬಾಜೂ ಮನಿ ಕೂಸಿನ ದನ್ಯಾಗ."

ಇಂಥ ನಾನು ಇವತ್ತು ತಂತಿಯ ವಿಷಯ ಬರೆಯಲು ಕುಳಿತಿದ್ದೇನೆ. ಹಾಡುವ ಪೆಟ್ಟಿಗೆಯಿಂದ, ಹಾಡನ್ನು ಓಣಿಗೆಲ್ಲ ಸಾರುವ ತಗಡಿನ ಭೋಂಗಾದವರೆಗೆ ಎಂಥ ತಂತಿ ಎಳೆಯಬೇಕು ಎಂಬ ಪ್ರಶ್ನೆ ನಿಮಗೆ ಎಂದಾದರೂ ಬಂದರೆ ಬೇರೆ ಯಾರನ್ನೂ ಕೇಳಬೇಡಿ. ಭೀಮೆಗೂ ಕೃಷ್ಣೆಗೂ ನಡುವಿನ ಈ ನಾಡಿನಲ್ಲಿ ಆ ಪಾಠವನ್ನು ಬೆನ್ನಿನ ಮೇಲೆ ಗುದ್ದು ತಿಂದು ಕಲಿತವನು ನಾನೊಬ್ಬನೇ. ಆದರೆ ಉತ್ತರ ಹೇಳುವ ಮೊದಲು ನಮ್ಮ ಅಕ್ಕ ನೀಲಮ್ಮನನ್ನು ನೋಡಲು ಬೀಗರು ಬಂದ ದಿನದಿಂದ ಶುರುಮಾಡಬೇಕು. ತಂತಿ ನಿಜವಾಗಿ ಶುರುವಾದದ್ದೇ ಅಲ್ಲಿ.

ಬೀಗರು ಸುರಪುರದವರು. ವರ ಶಾಲೆಯ ಮಾಸ್ತರ. ಪಾಪದ ಮನುಷ್ಯ, ಅವನಲ್ಲಿ ನಕಲು ಮಾಡುವಂಥದ್ದು ಏನೂ ಇರಲಿಲ್ಲ. ಆದರೆ ಸಂಗಡ ಅವನ ದೊಡ್ಡಪ್ಪ ಸಿದ್ರಾಮಪ್ಪನವರು ಬಂದಿದ್ದರು. ಆ ಮನೆಯಲ್ಲಿ ಅವರ ಮಾತೇ ಕಾನೂನು. ಅವರು ಯಾವುದೇ ತೀರ್ಪು ಕೊಡುವ ಮೊದಲು ಒಂದು ಚಿಟಿಕೆ ನಸ್ಯ ತೆಗೆದು ಎಡ ಹೊಳ್ಳೆಗೆ ಅರ್ಧ, ಬಲ ಹೊಳ್ಳೆಗೆ ಅರ್ಧ ಏರಿಸಿ, ಹಳೆಯ ಸಂದೂಕದ ಮುಚ್ಚಳ ಬಿದ್ದಂತೆ ಮೂಗಿನೊಳಗೇ ಒಂದು "ಹುಂ" ಹಾಕುತ್ತಿದ್ದರು. ಆಮೇಲೆ ಮಾತು. "ಹುಂ. ಹುಡುಗಿ ಚಲೋ ಇದ್ದಾಳ." "ಹುಂ. ಮನೀನೂ ಚಲೋ ಅದ." ಹೊಸ ದನಿ ಕೇಳಿದರೆ ನನಗೆ ಗಂಟಲಲ್ಲಿ ತುರಿಕೆ ಏಳುತ್ತದೆ. ನೀರು ತರುವ ನೆವದಿಂದ ಹಿತ್ತಲಿಗೆ ಹೋಗಿ, ಒಲೆಯ ಮುಂದೆ ಕುಳಿತ ಹೆಂಗಸರಿಗೆ ಆ ದನಿಯ ರುಚಿ ತೋರಿಸಿದೆ. "ಹುಂ. ಉಪ್ಪಿಟ್ಟಿಗೆ ಜರಾ ಉಪ್ಪು ಕಡಿಮಿ ಅದ." ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುಗಳಿಗೆ ಎಲ್ಲರೂ ಒಟ್ಟಿಗೇ ನಗು ನಿಲ್ಲಿಸಿ ಒಲೆ ಊದತೊಡಗಿದರು. ಹಿಂತಿರುಗಿ ನೋಡಿದರೆ, ಕೈ ತೊಳೆಯಲು ತಂಬಿಗೆ ಹಿಡಿದುಕೊಂಡು ಅಸಲಿನವರೇ ನಿಂತಿದ್ದಾರೆ.

ಅವರು ಸಿಟ್ಟಾಗಲಿಲ್ಲ. ತಂಬಿಗೆ ಕೆಳಗಿಟ್ಟು, ನಿಧಾನಕ್ಕೆ ನಸ್ಯ ಏರಿಸಿ, "ಹುಂ. ಈ ಹುಡುಗನ ಬಾಯಿಗೆ ಒಂದು ಕೀಲಿ ಮಾಡಸ್ರಿ" ಎಂದು ಅಪ್ಪನಿಗೆ ಹೇಳಿ, ಬಂಡಿ ಹೂಡಿಸಲು ಹೊರಟೇಬಿಟ್ಟರು. ಅಪ್ಪ ಧೋತರದ ಚುಂಗು ಹಿಡಿದುಕೊಂಡು ಹಿಂದೆ ಓಡಿದ. ಏನು ಹೇಳಿದರೂ ಅವರು ಕಾಲು ನಿಲ್ಲಿಸಲಿಲ್ಲ. ಕೊನೆಗೆ ಅಪ್ಪ, ಬಾಯಿಗೆ ಬಂದದ್ದನ್ನು, "ಲಗ್ನದಾಗ ನಿಮ್ಮನ್ನ ಎದುರುಗೊಳ್ಳಾಕ ಭೋಂಗಾ ಹಚ್ಚಸ್ತೀನ್ರಿ. ಹೈದರಾಬಾದಿನಿಂದ ಪೆಟ್ಟಗಿ ತರಸ್ತೀನಿ" ಎಂದುಬಿಟ್ಟ. ಆ ಹೊತ್ತಿಗೆ ನಮ್ಮ ಓಣಿಯ ಯಾವ ಲಗ್ನದಲ್ಲೂ ಭೋಂಗಾ ಹಾಡಿರಲಿಲ್ಲ. ಬಂಡಿಯ ಗಾಲಿಯ ಮೇಲಿಟ್ಟ ದೊಡ್ಡಪ್ಪನವರ ಕಾಲು ಅಲ್ಲೇ ನಿಂತಿತು. "ಹುಂ. ಭೋಂಗಾ ಹಾಡಿದ್ರ ಬಂಡಿ ಇಳೀತೀವಿ. ಹಾಡಲಿಲ್ಲಂದ್ರ ಎತ್ತಿನ ಮಾರಿ ಸುರಪುರದ ಕಡಿ ತಿರಗ್ತದ, ನೆನಪಿರ್ಲಿ."

ಆ ಸಂಜೆ ಅಕ್ಕ ನನ್ನನ್ನು ಒಳಗೆ ಕರೆದಳು. ಅವಳಿಗೆ ಇದು ಮೂರನೆಯ ಸಂಬಂಧ. ಮೊದಲಿನ ಎರಡು ಮುರಿದು ಬಿದ್ದದ್ದಕ್ಕೆ ನಾನೇ ಕಾರಣ ಎಂದು ಓಣಿಯವರು ಆಡಿಕೊಳ್ಳುವುದು ಅನ್ಯಾಯ. ಒಂದರಲ್ಲಿ ನನ್ನ ಪಾಲು ಅರ್ಧ ಮಾತ್ರ.

"ತಮ್ಮಾ, ಈ ಮಾಸ್ತರು ನನಗ ಮನಸಿಗೆ ಬಂದಾರ" ಎಂದಳು. ಅಕ್ಕ ಇಂಥ ಮಾತನ್ನು ಆಡಿದ್ದು ಅದೇ ಮೊದಲು. "ನನ್ನ ತಲಿ ಮ್ಯಾಲ ಕೈ ಇಡು. ಲಗ್ನದ ಅಕ್ಕಿಕಾಳು ಬೀಳೂತನಕ ಯಾರ ದನೀನೂ ತಗಿಯೂದಿಲ್ಲಂತ ಆಣಿ ಮಾಡು."

"ಎಮ್ಮೀದು ತಗೀಬಹುದೇನು?"

"ಎಮ್ಮೀದೂ ಬ್ಯಾಡ, ಬಸ್ಸಿಂದೂ ಬ್ಯಾಡ, ಬಾಗಲದ್ದೂ ಬ್ಯಾಡ."

ಅವಳ ಕಣ್ಣಲ್ಲಿ ನೀರಿತ್ತು. ಕೈ ಇಟ್ಟು ಆಣೆ ಮಾಡಿದೆ. ಅಂದಿನಿಂದ ಮನೆಯಲ್ಲಿ ನಾನು ನನ್ನ ಸ್ವಂತ ದನಿಯಲ್ಲೇ ಮಾತಾಡತೊಡಗಿದೆ. ಅದು ಎಷ್ಟು ಸಪ್ಪಗಿತ್ತೆಂದರೆ, ಎರಡು ದಿನ ಆಯಿ ನನಗೆ ಜ್ವರ ಬಂದಿದೆಯೆಂದು ಕಷಾಯ ಕುಡಿಸಿದಳು.

ಹೈದರಾಬಾದಿನಲ್ಲಿ ಮೋಟಾರು ರಿಪೇರಿ ಮಾಡುವ ನಮ್ಮ ಸೋದರಮಾವನಿಗೆ ಅಪ್ಪ ಕಾಗದ ಬರೆದ. ನಾವು ಮಕ್ಕಳು ಅವನನ್ನು ಮಾಮಾ ಎನ್ನುತ್ತೇವೆ. ಮಾಮಾನಿಂದ ಒಂದು ಕಾರ್ಡು ಬಂತು. "ಪೆಟ್ಟಿಗೆ, ಭೋಂಗಾ, ಲಾರಿಯ ಬ್ಯಾಟರಿ ನಾನು ತರುತ್ತೇನೆ. ಪೆಟ್ಟಿಗೆಯಿಂದ ಭೋಂಗಾಕ್ಕೆ ಹೋಗುವ ನೂರು ಮೊಳ ಚಲೋ ತಂತಿ ಯಾದಗಿರಿಯಲ್ಲಿ ತಂದಿಡಿರಿ." ಚಲೋ ಎಂದರೆ ಎಂಥದ್ದು ಎಂದು ಬರೆಯಲು ಕಾರ್ಡಿನಲ್ಲಿ ಜಾಗವಿರಲಿಲ್ಲ, ಉಳಿದ ಜಾಗದಲ್ಲೆಲ್ಲ ಮನೆಯವರಿಗೊಬ್ಬೊಬ್ಬರಿಗೆ ಶರಣು ಬರೆದಿದ್ದ.

ಬಾಯಿಂದ ಆದ ನಷ್ಟವನ್ನು ಕಾಲಿಂದ ತುಂಬಿಕೊಡು ಎಂದು ಅಪ್ಪ ನನ್ನನ್ನೇ ಯಾದಗಿರಿಗೆ ಅಟ್ಟಿದ. ಸ್ಟೇಷನ್ನಿನ ಹತ್ತಿರ ಸೈಕಲ್ ದೀಪ, ಬ್ಯಾಟರಿ, ಕಚೇರಿಯ ಗಂಟೆ ಮಾರುವ ಒಬ್ಬ ಮುದುಕನ ಅಂಗಡಿ ಇತ್ತು. ಅವನು ಎರಡು ಸುರುಳಿ ಮುಂದಿಟ್ಟ. ಒಂದು ಕಪ್ಪಗೆ, ದಪ್ಪಗೆ, ಮೇಲೆಲ್ಲ ರಬ್ಬರು. ಇನ್ನೊಂದು ತೆಳ್ಳಗೆ, ಬೆಳ್ಳಗೆ, ಎರಡು ಎಳೆ ಜಡೆಯಂತೆ ಹೊಸೆದು ಮೇಲೆ ಹತ್ತಿಯ ನೂಲು ಸುತ್ತಿದ್ದು, ನಡುನಡುವೆ ಕೆಂಪು ಗೆರೆ. ನೋಡಿದರೆ ಕೈಗೆ ಕಟ್ಟಿಕೊಳ್ಳಬೇಕು ಅನ್ನಿಸುವಂತಿತ್ತು.

"ಭೋಂಗಾಕ್ಕ ಕರೀದು ಒಯ್ಯಿ, ನೂರು ಮೊಳ ಎಳದ್ರೂ ದನಿ ಸೋರೂದಿಲ್ಲ" ಎಂದ ಮುದುಕ.

"ಮತ್ತ ಇದು?"

"ಅದು ಸಾಹೇಬ್ರು ಜವಾನನ್ನ ಕರಿಯೂ ಗಂಟಿಗೆ ಹಾಕೂದು. ನೋಡಾಕ ಅಷ್ಟ ಚಂದ, ನಿನ್ನಂಗ."

ಈ ಮುದುಕನ ದನಿ ಬಲು ಸೊಗಸಾಗಿತ್ತು, ಆದರೆ ಆಣೆ ನೆನಪಾಗಿ ಗಂಟಲು ಬಿಗಿಹಿಡಿದೆ. ನಮ್ಮ ಮನೆಯಲ್ಲಿ ಲಗ್ನಕ್ಕೆಂದು ಕೊಳ್ಳುವ ಯಾವುದೂ ಮಾದರಿ ತೋರಿಸದೆ ಬರುವಂತಿಲ್ಲ. ಕುಪ್ಪಸದ ಖಣವಾದರೂ ಅಷ್ಟೇ, ತಂತಿಯಾದರೂ ಅಷ್ಟೇ. ಎರಡರದ್ದೂ ಒಂದೊಂದು ಗೇಣು ಕತ್ತರಿಸಿಕೊಂಡು ಬಂದೆ. ಅದಕ್ಕೆ ಆ ಮುದುಕ ನನ್ನನ್ನು ಏನೆಂದ ಎಂಬುದನ್ನು ಅವನ ದನಿಯಿಲ್ಲದೆ ಬರೆದರೆ ಮಜಾ ಇಲ್ಲ.

ಪಡಸಾಲೆಯಲ್ಲಿ ತಂತಿಯ ಪಂಚಾಯತಿ ಕೂಡಿತು. ಅಪ್ಪ ಕರಿಯದನ್ನು ಬಗ್ಗಿಸಿ, ಜಗ್ಗಿ, "ಗಟ್ಟಿ ಅದ" ಎಂದ. ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಆಯಿ ಅದನ್ನು ಇಸಿದುಕೊಂಡು ಮೂಸಿದಳು.

"ಬಸ್ಸಿನ ಗಾಲಿ ವಾಸನಿ. ಹಂದರದಾಗ ನೂರು ಮೊಳ ಕರೇದು ಜೋತು ಬಿಡ್ತೀರೇನು? ನಾಗಪ್ಪನ ದಿಬ್ಬಣ ಬಂದಂಗ ಕಾಣ್ತದ." ಆಮೇಲೆ ಬಿಳಿಯದನ್ನು ಎರಡು ಬೆರಳ ನಡುವೆ ಸೀರೆಯ ಸೆರಗಿನಂತೆ ತಿಕ್ಕಿ ನೋಡಿದಳು. "ನೂಲು ಚಲೋ ಅದ. ಆದರ ಬರೇ ಬಿಳೇದೂ ಶುಭಕ್ಕ ಬರೂದಿಲ್ಲ. ಇರ್ಲಿ, ಇದನ್ನ ತಗೊಂಡು ಬಾ, ಮುಂದಿಂದು ನಾ ನೋಡ್ಕೋತೀನಿ."

ಮುಂದಿನದು ಎಂದರೇನು ಎಂದು ಅವಳನ್ನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ, ಏಕೆಂದರೆ ನಾನೂ ಆಯಿಯ ಪಕ್ಷವೇ. ಆ ಕೆಂಪು ಗೆರೆಯ ತಂತಿ ಹಂದರದಲ್ಲಿ ತೂಗಾಡುವಾಗ ಜನ, "ಇದನ್ನ ಆರಿಸಿದವರು ಯಾರ್ರಿ?" ಎಂದು ಕೇಳುವುದು, ಅಪ್ಪ ನನ್ನ ಕಡೆ ಬೆರಳು ಮಾಡುವುದು, ಎಲ್ಲವನ್ನೂ ನಾನು ಬಸ್ಸಿನಲ್ಲಿ ಕುಳಿತೇ ಕನಸು ಕಂಡಾಗಿತ್ತು. ಅಂಗಡಿಯ ಮುದುಕ ಹೇಳಿದ್ದನ್ನು ನುಂಗಿಕೊಂಡು ಬಿಳಿಯದರ ಪರವಾಗಿ ಬಲವಾಗಿ ವಾದಿಸಿದೆ. ನನ್ನ ಸ್ವಂತ ದನಿಯಲ್ಲಿ ನಾನು ಗೆದ್ದ ಮೊದಲ ವಾದ ಅದು.

ಲಗ್ನದ ಹಿಂದಿನ ದಿನ ಮಾಮಾ ಬಂದ. ತಂತಿಯನ್ನು ನೋಡಿ ಹಣೆಗೆ ಕೈ ಹಚ್ಚಿದ. "ಅಳಿಯಾ, ಗಂಟಿ ತಂತಿ ತಂದೀಯಲ್ಲೋ. ಈ ಎರಡು ಎಳಿ ಅಂದ್ರ ಎರಡು ಕಡಿ ಬೀಗರಿದ್ದಂಗ. ಕೂಡಿ ಹೋಗಬೇಕು, ಆದರ ಮೈಗೆ ಮೈ ತಾಕಿತು ಅಂದ್ರ ಜಗಳ. ನಡುವ ಒಂದು ಗೋಡಿ ಬೇಕು. ಅದಕ್ಕ ರಬ್ಬರ ಇರೂದು."

"ನೂಲಿನ ಗೋಡಿ ನಡಿಯೂದಿಲ್ಲೇನು ಮಾಮಾ?"

"ನಡೀತದ. ಒಣಗಿರೂತನಕ ನಡೀತದ." ಮತ್ತೊಮ್ಮೆ ಯಾದಗಿರಿಗೆ ಹೋಗಿಬರಲು ಹೊತ್ತಿರಲಿಲ್ಲ. ವೈಶಾಖದ ಬಿಸಿಲು, ಮಳೆಯ ಭಯವೂ ಇರಲಿಲ್ಲ. ಪಡಸಾಲೆಯ ಪೆಟ್ಟಿಗೆಯಿಂದ ಹಂದರದ ಗಳುಗಳ ಮೇಲೆ ಹಾಯಿಸಿ, ಮಾಳಿಗೆಯ ತುದಿಗೆ ಕಟ್ಟಿದ ಭೋಂಗಾಕ್ಕೆ ತಂತಿ ಮುಟ್ಟಿಸಿದ. ತಂದದ್ದು ಒಂದೇ ಹಾಡಿನ ತಟ್ಟೆ, ಒಬ್ಬ ಗಾಯಕಿ ಹಾಡಿದ ದೇವರ ಪದ. ಹಚ್ಚಿದ ಕೂಡಲೇ ಓಣಿಯ ತುಂಬ ಹಾಡು. ನಾಯಿಗಳು ಮೊದಲು ಓಡಿಹೋಗಿ, ಆಮೇಲೆ ನಾಚಿ ತಿರುಗಿ ಬಂದವು. ಆ ಸಂಜೆ ಅದನ್ನು ಹತ್ತು ಸಲ ಹಚ್ಚಿರಬೇಕು. ನಾನು ತುಟಿ ಬಿಚ್ಚದೆ ಕೇಳುತ್ತ ಕುಳಿತೆ. ಆಣೆ ಮಾಡಿದ್ದು ತುಟಿ ಮಾತ್ರ. ಗಂಟಲು ತನ್ನಷ್ಟಕ್ಕೆ ತಾನು ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿತ್ತು.

ಮುಂಜಾನೆ ಅಕ್ಕನನ್ನು ನಾಲ್ಕು ತಂಬಿಗೆಗಳ ನಡುವೆ ಕೂಡಿಸಿ, ನೂಲಿನ ಸುರಗಿ ಸುತ್ತಿ, ಅರಿಶಿನ ಹಚ್ಚಿ ನೀರೆರೆದರು. ಬೀಗರ ಬಂಡಿಗಳು ಊರಬಾಗಿಲ ಅಗಸಿ ದಾಟಿದವೆಂದು ಸುದ್ದಿ ಬಂತು. ಅಪ್ಪ ಹೊಸ ರುಮಾಲು ಸುತ್ತಿಕೊಂಡು ಬಾಗಿಲಿಗೆ ಬಂದು ನಿಂತ. ಮಾಮಾ ತಟ್ಟೆಯ ಮೇಲೆ ಸೂಜಿ ಇಟ್ಟ. ಭೋಂಗಾ ಒಮ್ಮೆ "ಗುರ್ರ್" ಎಂದು, ಹಳೆಯ ನಾಯಿ ಮಗ್ಗಲು ಬದಲಿಸಿದಂತೆ ಸುಮ್ಮನಾಯಿತು. ಪೆಟ್ಟಿಗೆ ಸರಿಯಿತ್ತು, ಬ್ಯಾಟರಿ ಸರಿಯಿತ್ತು. ಮಾಮಾ ತಲೆಯೆತ್ತಿ ನೋಡಿದ. ನಾನೂ ನೋಡಿದೆ. ನೂರು ಮೊಳ ತಂತಿಯೂ ಮದುಮಗಳಂತೆ ಹಳದಿಯಾಗಿ ತೊಟತೊಟ ನೀರು ಸುರಿಸುತ್ತಿತ್ತು. ಮೊಳಕ್ಕೊಂದು ಕುಂಕುಮದ ಬೊಟ್ಟು, ನಡುವೆ ಒಂದು ಮಾವಿನ ಎಲೆ.

"ಸುರಗಿ ನೀರು ಉಳದಿತ್ತು" ಎಂದಳು ಆಯಿ ಸೊಂಟ ಹಿಡಿದುಕೊಂಡು. "ಲಗ್ನದ ಮನಿಗೆ ಬಂದ ಹೊಸಾದಕ್ಕ ಅರಿಷಿಣ ಹಚ್ಚದ ಬಿಡ್ತಾರೇನು? ನಾಕು ಮಂದಿ ಹೆಣ್ಮಕ್ಕಳು ನಿಚ್ಚಣಿಕಿ ಹತ್ತಿ ಹಚ್ಚೀವಿ. ನೋಡು, ಹೆಂಗ ಕಳಾ ಬಂದದ."

ನಮ್ಮ ಬಾವಿಯ ನೀರು ಮೊದಲೇ ಸವಳು. ಆ ನೀರಿನಲ್ಲಿ ತೊಯ್ದ ನೂಲು ಗೋಡೆಯಲ್ಲ, ತೆರೆದ ಬಾಗಿಲು. ಎರಡೂ ಕಡೆಯ ಬೀಗರು ಒಳಗೇ ಕೈ ಕೈ ಮಿಲಾಯಿಸಿದ್ದಾರೆ ಎಂದು ಮಾಮಾ ಪಿಸುಗುಟ್ಟಿದ. "ಒಣಗಾಕ ಎರಡು ತಾಸರ ಬೇಕು." ಅಷ್ಟರಲ್ಲಿ ಬಂಡಿ ಬಂದು ಬೇವಿನ ಗಿಡದ ಕೆಳಗೆ ನಿಂತಿತ್ತು. ಮುಂದಿನ ಬಂಡಿಯಲ್ಲಿ ದೊಡ್ಡಪ್ಪನವರು ಇಳಿಯದೆ, ಕಿವಿ ನಮ್ಮ ಮಾಳಿಗೆಯ ಕಡೆ ಕೊಟ್ಟು, ನಸ್ಯದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

ಒಳಗಿನ ಕೋಣೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ತಂತಿಯ ಬಣ್ಣವೂ ಅವಳ ಬಣ್ಣವೂ ಒಂದೇ. ಏನಾಗಿದೆಯೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಅವಳು ಭೋಂಗಾವನ್ನು ನೋಡಿದಳು, ನನ್ನನ್ನು ನೋಡಿದಳು.

"ನಿನ್ನ ಬಾಯಿಗೆ ಕೀಲಿ ಹಾಕಿದಾಕಿ ನಾನ" ಎಂದಳು ಮೆಲ್ಲಗೆ. "ತಗದೀನಿ. ಹೋಗು."

ನಾನು ನಿಚ್ಚಣಿಕೆ ಏರಿದ್ದು ನೆನಪಿಲ್ಲ. ಮಾಳಿಗೆಯ ತುಂಬ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು, ಅವುಗಳ ನಡುವೆಯೇ ಗೋಡೆಯ ಮರೆಗೆ ಕುಕ್ಕರಿಸಿದೆ. ನನ್ನ ಹಿಂದೆಯೇ ಏರಿ ಬಂದ ಮಾಮಾ, ಭೋಂಗಾದ ಹಿಂದೆ ದನಿ ಹುಟ್ಟಿಸುವ ಗುಂಡು ಡಬ್ಬಿಯನ್ನು ತಿರುವಿ ಬಿಚ್ಚಿದ. ಆ ತೂತಿಗೆ ಬಾಯಿ ಇಟ್ಟೆ. ಮೊದಲು ಸೂಜಿ ತಟ್ಟೆಗೆ ತಾಕುವ "ಖರ್ರ್ ಖರ್ರ್". ಆಮೇಲೆ ಆ ಗಾಯಕಿಯ ಆಲಾಪ, ಆಮೇಲೆ ಪದ. ನಡುನಡುವೆ ಮೆಣಸಿನಕಾಯಿಯ ಘಾಟಿಗೆ ಬರುತ್ತಿದ್ದ ಕೆಮ್ಮನ್ನೂ "ಖರ್ರ್" ಮಾಡಿಯೇ ಹೊರಗೆ ಬಿಟ್ಟೆ. ಕಷ್ಟ ಬಂದದ್ದು ಎರಡನೆಯ ನುಡಿಯಲ್ಲಿ. ಮುಂದಿನ ಸಾಲು ಮರೆತುಹೋಯಿತು. ಮರೆತ ಮನುಷ್ಯ ನಿಲ್ಲುತ್ತಾನೆ, ಆದರೆ ತಟ್ಟೆ ಮರೆಯುವುದಿಲ್ಲ, ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಕೊನೆಯ ನಾಲ್ಕು ಅಕ್ಷರಗಳನ್ನೇ ಹಿಡಿದುಕೊಂಡು ತಿರುತಿರುಗಿ ಹಾಡಿದೆ. ಆರು ಸಲ, ಏಳು ಸಲ.

ಕೆಳಗಿನಿಂದ ದೊಡ್ಡಪ್ಪನವರ ದನಿ ಬಂತು. "ಹುಂ. ಸೂಜಿ ಸಿಕ್ಕೊಂಡದ. ಪೆಟ್ಟಗಿಗೆ ಒಂದು ಬಡೀರಿ."

ಅಪ್ಪನಿಗೆ ಮಾಳಿಗೆಯ ಸಂಗತಿ ಏನೂ ಗೊತ್ತಿರಲಿಲ್ಲ. ಒಳಗೆ ಓಡಿ ಪೆಟ್ಟಿಗೆಗೆ ಒಂದು ಬಡಿದ. ಏನೂ ಆಗಲಿಲ್ಲ. ಮತ್ತೊಂದು ಬಡಿದ. ಆಗ ಮಾಮಾ, ಬಡಿಯಬೇಕಾದ ಪೆಟ್ಟಿಗೆ ಯಾವುದೆಂದು ಬಲ್ಲವನು, ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟ. ಎಲ್ಲಿ ಅಡಗಿತ್ತೋ, ಮುಂದಿನ ಸಾಲು ಪುಟಿದು ಭೋಂಗಾದಿಂದ ಹೊರಗೆ ಬಿತ್ತು. ಹಾಡು ಮುಗಿಸಿ, ಕೊನೆಯ "ಖರ್ರ್" ಮುಗಿಸಿ, ಗೋಡೆಯ ಸಂದಿಯಿಂದ ಇಣುಕಿದೆ. ದೊಡ್ಡಪ್ಪನವರು ಕಣ್ಣು ಮುಚ್ಚಿ ಕುಳಿತಿದ್ದರು. ಕಣ್ಣು ತೆರೆದು, ನಸ್ಯ ಏರಿಸಿ, "ಹುಂ. ಹಾಡಿತು" ಎಂದರು. ಬಂಡಿಯಿಂದ ಒಂದು ಕಾಲು ಕೆಳಗೆ ಬಂತು, ಆಮೇಲೆ ಇನ್ನೊಂದು.

ಅಕ್ಕಿಕಾಳು ಬಿದ್ದವು. ಲಗ್ನ ಆಯಿತು. ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇವತ್ತು ಊರಿನ ದೊಡ್ಡ ಮನುಷ್ಯನಾಗಿರುತ್ತಿದ್ದೆ. ಆದರೆ ಊಟದ ಹೊತ್ತಿಗೆ ಬಿಸಿಲಿಗೆ ತಂತಿ ಕಟಕಟ ಒಣಗಿತ್ತು. ಮಾಮಾನಿಗೆ ತನ್ನ ಪೆಟ್ಟಿಗೆಯ ಮಾನ ಉಳಿಸುವ ಹಟ. ಡಬ್ಬಿಯನ್ನು ಭೋಂಗಾಕ್ಕೆ ತಿರುವಿ ಕೂಡಿಸಿ, ನಿಜವಾದ ತಟ್ಟೆಯನ್ನು ಹಚ್ಚಿಯೇಬಿಟ್ಟ. ನಿಜವಾದ ಗಾಯಕಿ ನಿಜವಾಗಿ ಹಾಡಿದಳು. ಗೋಧಿ ಹುಗ್ಗಿಯ ತುತ್ತು ಕೈಯಲ್ಲಿ ಹಿಡಿದಿದ್ದ ದೊಡ್ಡಪ್ಪನವರ ಹುಬ್ಬು ಗಂಟಾಯಿತು.

"ಇದು ಮುಂಜಾನಿದ್ದಂಗಿಲ್ಲ" ಎಂದರು.

"ಅದ ತಟ್ಟಿ ಅದರೀ" ಎಂದ ಮಾಮಾ.

"ಮುಂಜಾನಿ ಜೀವ ಇತ್ತು. ಈಗ ತಗಡು ಹಾಡಾಕತ್ತದ." ಅವರ ಕಣ್ಣು ಪೆಟ್ಟಿಗೆಯಿಂದ ಹೊರಟು ಗಳುಗಳ ಮೇಲೆ ಹಾಯ್ದು ಭೋಂಗಾದವರೆಗೆ ಹೋಗಿ ತಿರುಗಿ ಬಂತು. "ಹುಂ. ತಂತಿ ಒಣಗೇದ ನೋಡ್ರಿ. ಮುಂಜಾನಿ ಹಸಿ ಇತ್ತು. ಅದಕ್ಕ ಅರಿಷಿಣ ನೀರು ಹಾಕ್ರಿ."

ಆಯಿ ಎರಡನೆಯ ಮಾತಿಗೆ ಕಾಯಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬ ಗಂಡಸು, ಅದೂ ಬೀಗರ ಕಡೆಯ ಹಿರಿಯ, ಅವಳ ಅರಿಶಿನದ ಗುಣ ಒಪ್ಪಿಕೊಂಡಿದ್ದ. ನಾಲ್ಕು ಕೊಡ ಬಂದವು, ನಿಚ್ಚಣಿಕೆ ಬಂತು. ಗಾಯಕಿ ಪದದ ನಡುವೆ ಒಮ್ಮೆ "ಗುರ್ರ್" ಎಂದು ಪ್ರಾಣ ಬಿಟ್ಟಳು. ಪಂಕ್ತಿಯಲ್ಲಿ ಕುಳಿತವರೆಲ್ಲ ಕತ್ತೆತ್ತಿ ಭೋಂಗಾವನ್ನು ನೋಡತೊಡಗಿದರು. ಮಾಮಾ ನನ್ನನ್ನು ನೋಡಿದ. ನನ್ನ ಬಾಯಿ ತುಂಬ ಹುಗ್ಗಿ ಇತ್ತು. ಅದನ್ನು ನುಂಗುತ್ತಲೇ ಹಿತ್ತಲಿನಿಂದ ಮಾಳಿಗೆ ಏರಿದೆ. ನಾನು ಹಾಡು ಮುಗಿಸಿದಾಗ ಕೆಳಗೆ ದೊಡ್ಡಪ್ಪನವರು ಎಲ್ಲರಿಗೂ ತಿಳಿಸಿ ಹೇಳುತ್ತಿದ್ದರು. "ಈಗ ನೋಡ್ರಿ. ದನಿಗೆ ತುಪ್ಪ ಸವರಿದಂಗ ಅದ."

ಅಕ್ಕ ಬಂಡಿ ಏರುವಾಗ ಎಲ್ಲರನ್ನೂ ತಬ್ಬಿಕೊಂಡು ಅತ್ತಳು. ನನ್ನ ಸರದಿ ಬಂದಾಗ ಕಿವಿಯಲ್ಲಿ, "ಎರಡನೇ ಸಲ ಹುಗ್ಗಿ ತಿನ್ಕೋತ ಹಾಡಿದಿ. ಗೋಧಿ ಕಾಳು ಹಲ್ಲಿಗೆ ಸಿಕ್ಕಿದ್ದು ಕೇಳಸ್ತು ನನಗ" ಎಂದಳು. ಅಳುತ್ತಲೇ ಹೇಳಿದಳು, ನೋಡಿದವರಿಗೆ ಏನೂ ತಿಳಿಯದಂತೆ. ಬಿಡಿ, ನಕಲು ಮಾಡುವ ಗುಣ ನಮ್ಮ ಮನೆಯಲ್ಲಿ ನನ್ನೊಬ್ಬನಿಗೇ ಬಂದಿಲ್ಲ.

ಹೋದ ವಾರ ಸುರಪುರದಿಂದ ಕಾಗದ ಬಂದಿದೆ. ದೊಡ್ಡಪ್ಪನವರ ಸಣ್ಣ ಮಗನ ಲಗ್ನ. ಮಾಮಾನ ಪೆಟ್ಟಿಗೆ ಗೊತ್ತು ಮಾಡಿದ್ದಾರೆ. ಅಪ್ಪನಿಗೆ ಬರೆಸಿದ್ದಾರೆ: "ತಮ್ಮಲ್ಲಿರುವ ಆ ಹಳದಿ ತಂತಿಯನ್ನೇ ಕಳಿಸಿಕೊಡಬೇಕು. ಬೇರೆಯವರ ಕರಿಯ ತಂತಿಗೆ ಆ ದನಿ ಬರುವುದಿಲ್ಲ. ತಮ್ಮ ಮಗ ಬರುವ ಅವಶ್ಯವಿಲ್ಲ, ಅವನ ಬಾಯಿ ಒಳ್ಳೆಯದಲ್ಲ." ನಾನು ಓದಿ, ಮಡಿಸಿ, ಮತ್ತೆ ಬಿಚ್ಚಿ ಓದಿದೆ. ಹತ್ತು ವರ್ಷ ಊರಿನವರ ದನಿಗಳನ್ನು ಕದ್ದು ಬೈಸಿಕೊಂಡವನಿಗೆ ಒಮ್ಮೆ ಹೊಗಳಿಕೆ ಸಿಕ್ಕಿತು. ಅದೂ ಗಂಟೆಯ ತಂತಿಯ ಹೆಸರಿಗೆ. ಕಾಗದದ ಅಂಚಿನಲ್ಲಿ, ಮಾಸ್ತರರ ಹತ್ತಿರ ಈಚೆಗೆ ಕಲಿತ ಗುಂಡಗಿನ ಅಕ್ಷರದಲ್ಲಿ, ಅಕ್ಕ ಒಂದು ಸಾಲು ಸೇರಿಸಿದ್ದಳು: "ಮಾಳಿಗೆ ಮೇಲಿನ ಮೆಣಸಿನಕಾಯಿ ತೆಗೆಸಿದ್ದೇನೆ."

ಈಗ ಸರಿಯಾದ ತಂತಿ ಯಾವುದು ಎಂದು ಕೇಳಿದಿರಲ್ಲ. ಕರಿಯದು, ದಪ್ಪದ್ದು, ರಬ್ಬರಿನದು. ಅದರಲ್ಲಿ ಸಂಶಯವಿಲ್ಲ. ನಾನೇ ಯಾದಗಿರಿಗೆ ಹೋಗಿ ನೂರು ಮೊಳ ತಂದು ಮಂಚದ ಕೆಳಗೆ ಇಟ್ಟಿದ್ದೇನೆ. ಆದರೆ ನಿನ್ನೆ ಚೀಲ ಕಟ್ಟುವಾಗ ಕೈ ಹಳದಿಯದನ್ನೇ ಎತ್ತಿಕೊಂಡಿತು. ಏನು ಮಾಡಲಿ? ಈ ಭೂಮಿಯ ಮೇಲೆ ನನ್ನ ದನಿಯನ್ನು ನಗದೆ, ಕಣ್ಣು ಮುಚ್ಚಿ ಕೇಳುವ ಮನುಷ್ಯ ಇರುವುದು ಒಬ್ಬರೇ, ಅವರೂ ಆ ತಂತಿಯ ತುದಿಗೆ ಮಾತ್ರ ಸಿಗುತ್ತಾರೆ. ಇವತ್ತು ಕಚೇರಿಯಲ್ಲಿ ಮೂರು ದಿನದ ರಜೆಗೆ ಅರ್ಜಿ ಬರೆದು, ಕಾರಣ ಎಂಬಲ್ಲಿ "ಸುರಪುರಕ್ಕೆ ತಂತಿ ಒಯ್ಯುವುದಿದೆ" ಎಂದು ನಮೂದಿಸಿದೆ.

ಪೇಶಕಾರರು ಕನ್ನಡಕದ ಮೇಲಿನಿಂದ ನೋಡಿದರು. "ತಂತಿ ಮುಟ್ಟಸಾಕ ಒಂದು ದಿನ ಸಾಕಲ್ಲೋ. ಉಳದ ಎರಡು ದಿನ ಅದರ ಸಂಗಡ ನೀ ಯಾಕ ಕೂಡ್ತಿ?"

"ಏನ್ ಮಾಡ್ಲಿ ಸಾಹೇಬ್ರ" ಎಂದೆ, ಆದಷ್ಟು ನನ್ನದೇ ದನಿಯಲ್ಲಿ. "ಅದನ್ನಷ್ಟ ಬಿಟ್ಟು ಬಂದ್ರ ಅದು ಹಾಡೂದಿಲ್ರಿ."